ಅಮರ ಚಿತ್ರಗಳಾಚೆಯ ಏಷ್ಯಾ

ಬೆಂಗಳೂರಿನಿಂದ ಸಿಡ್ನಿಗೆ ಮರಳುವ ಕನ್ನಡ ಕುಟುಂಬದ ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿ, ಹಪ್ಪಳಗಳ ಅಡಿಯಲ್ಲಿ ಅಮರ ಚಿತ್ರ ಕಥೆಯ ಒಂದು ಕಟ್ಟು ಇರುವುದು ಅಪರೂಪವಲ್ಲ. ವಿಮಾನ ನಿಲ್ದಾಣದ ಅಧಿಕಾರಿಗಳು ಪುಡಿಯ ಪೊಟ್ಟಣಗಳನ್ನು ಎತ್ತಿ ನೋಡುತ್ತಾರೆ, ಬೀಜವಿದೆಯೇ ಹುಳವಿದೆಯೇ ಎಂದು ವಿಚಾರಿಸುತ್ತಾರೆ. ಪುಸ್ತಕದ ಕಟ್ಟನ್ನು ಯಾರೂ ಬಿಚ್ಚುವುದಿಲ್ಲ. ಬ್ಲ್ಯಾಕ್‌ಟೌನಿನ ಮನೆ ತಲುಪಿದ ಮೇಲೂ ಅದನ್ನು ಪರೀಕ್ಷಿಸುವವರಿಲ್ಲ. ಮಗುವಿಗೆ ‘ನಮ್ಮ ಸಂಸ್ಕೃತಿ’ ತಿಳಿಯಲಿ ಎಂಬ ಸದಾಶಯದೊಂದಿಗೆ ಅದು ನೇರವಾಗಿ ಕೈಗೆ ಹೋಗುತ್ತದೆ. ಅದೇ ಮಗು ಶಾಲೆಯಿಂದ ‘ಒನ್ ಪೀಸ್’ನ ಸಂಪುಟವೊಂದನ್ನು ತಂದರೆ ಮಾತ್ರ, ಗೊಂಬೆ ಪುಸ್ತಕ ಬಿಟ್ಟು ಏನಾದರೂ ಓದಬಾರದೇ ಎಂಬ ಗದರಿಕೆ. ಎರಡೂ ಗೊಂಬೆ ಪುಸ್ತಕಗಳೇ ಎಂಬುದು ಗದರುವವರಿಗೆ ಹೊಳೆದಂತಿಲ್ಲ.

ಅಮರ ಚಿತ್ರ ಕಥೆಯ ಮೇಲೆ ಕನ್ನಡಿಗರಿಗಿರುವ ಅಭಿಮಾನಕ್ಕೆ ಕಾರಣಗಳುಂಟು. 1967ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಆರಂಭಿಸಿದ ಅನಂತ ಪೈ ಕಾರ್ಕಳದವರು. ಅದಕ್ಕೂ ಮೊದಲು, 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲೇ ಬಂದವು, ಇಂಗ್ಲಿಷಿನ ಸರಣಿ ಹನ್ನೊಂದನೆಯ ಸಂಖ್ಯೆಯಿಂದ ಶುರುವಾದದ್ದು ಆ ಕಾರಣಕ್ಕೆ ಎಂಬುದು ಸ್ವತಃ ಅನಂತರಾಮ್ ಅವರು ಹೇಳಿಕೊಂಡ ಮಾತು. ಆ ಹತ್ತು ಪುಸ್ತಕಗಳು ಪುರಾಣಗಳಲ್ಲ, ಪಶ್ಚಿಮದ ಕಿನ್ನರ ಕಥೆಗಳು ಎಂಬುದು ಈ ಕಥೆಯ ತಮಾಷೆಯ ಭಾಗ. ಗ್ರೀಕ್ ದೇವತೆಗಳ ಹೆಸರು ಬಲ್ಲ ದಿಲ್ಲಿಯ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿಲ್ಲವಲ್ಲ ಎಂಬ ಪೈ ಅವರ ಕೊರಗು ಪ್ರಾಮಾಣಿಕವಾದದ್ದೇ ಇರಬೇಕು. ಎರಡು ಮೂರು ತಲೆಮಾರು ಆ ಪುಟಗಳಲ್ಲಿ ಓದುವ ರುಚಿ ಕಂಡಿತು.

ಆದರೆ ಆ ಪುಟಗಳಲ್ಲಿ ಯಾರ ಮೈಗೆ ಯಾವ ಬಣ್ಣ ಬಳಿಯಲಾಗಿದೆ ಎಂಬುದನ್ನು ಒಮ್ಮೆ ಬಿಡಿಸಿ ನೋಡಬೇಕು. ರಾಜಕುಮಾರಿಯರು ಗುಲಾಬಿ, ಋಷಿಗಳು ಗೋಧಿ, ಅಸುರರು ಕಪ್ಪು ಅಥವಾ ಕಡುಗಂದು. ಚಿತೆಗೆ ಹಾರುವ ರಾಣಿ ಅಲ್ಲಿ ಶೌರ್ಯದ ಪ್ರತಿಮೆ. ಈ ದೋಷಗಳನ್ನು ವಿದ್ವಾಂಸರು ದಶಕಗಳಿಂದ ಎತ್ತಿ ತೋರಿಸುತ್ತ ಬಂದಿದ್ದಾರೆ. ಹೊಸದಾಗಿ ಹೇಳಬೇಕಾದದ್ದು ಇಷ್ಟು: ಈ ಬಣ್ಣಗಳನ್ನು ಬ್ಲ್ಯಾಕ್‌ಟೌನ್ ಎಂಬ ಹೆಸರಿನ ಊರಿನಲ್ಲಿ ಕೂತು ಮಕ್ಕಳ ಕೈಗೆ ಕೊಡಲಾಗುತ್ತಿದೆ. ಆ ಹೆಸರು ಬಂದದ್ದು ಗವರ್ನರ್ ಮ್ಯಾಕ್ವಾರಿ ಪ್ಯಾರಮಟ್ಟದಲ್ಲಿ ತೆರೆದು, 1823ರಲ್ಲಿ ಇಲ್ಲಿಗೆ ವರ್ಗಾವಣೆಗೊಂಡ ‘ನೇಟಿವ್ ಇನ್‌ಸ್ಟಿಟ್ಯೂಷನ್’ನ ಆಸುಪಾಸಿನ ಕರಿಯರ ನೆಲೆಯಿಂದ. ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ‘ಸಂಸ್ಕಾರ’ ಕಲಿಸುವುದು ಆ ಸಂಸ್ಥೆಯ ಉದ್ದೇಶವಾಗಿತ್ತು. ಆ ನೆಲ ಧಾರುಗ್ ಜನರ ಕೈಗೆ ಮರಳಿದ್ದು 2018ರಲ್ಲಿ. ಇದೇ ಊರಿನ ತರಗತಿಯಲ್ಲಿ ಬಣ್ಣದ ಕಾರಣಕ್ಕೆ ಚುಚ್ಚುಮಾತು ಕೇಳಿ ಮನೆಗೆ ಬರುವ ಕನ್ನಡದ ಹುಡುಗ, ಸಂಜೆ ತೆರೆದ ಪುಟದಲ್ಲಿ ತನ್ನ ಮೈಬಣ್ಣದವನನ್ನು ಗದೆಯ ಏಟಿಗೆ ಉರುಳುವ ರಾಕ್ಷಸನಾಗಿ ಕಂಡರೆ ಅದನ್ನು ಯಾವ ಸಂಸ್ಕೃತಿಯ ಪಾಠವೆಂದು ಕರೆಯುವುದು?

ಪ್ರಗತಿಪರರು ಇಲ್ಲಿ ನಿಟ್ಟುಸಿರು ಬಿಡಬೇಕಾಗಿಲ್ಲ. ಅವರ ಕಪಾಟೂ ತನಿಖೆಗೆ ಅರ್ಹವೇ. ಅಲ್ಲಿ ‘ಮೌಸ್’ ಇರುತ್ತದೆ, ‘ಪರ್ಸೆಪೊಲಿಸ್’ ಇರುತ್ತದೆ. ಎರಡೂ ದೊಡ್ಡ ಕೃತಿಗಳು. ಆದರೆ ಒಂದು ನ್ಯೂಯಾರ್ಕಿನದು, ಇನ್ನೊಂದು ಪ್ಯಾರಿಸಿನಲ್ಲಿ ಅಚ್ಚಾದದ್ದು. ಏಷ್ಯಾದ ನೋವಿಗೆ ಯುರೋಪಿನ ಮೊಹರು ಬಿದ್ದ ಮೇಲೆ ಮಾತ್ರ ಅದು ಓದಲು ಯೋಗ್ಯ ಎಂಬ ಈ ರುಚಿ, ಸೂಟ್‌ಕೇಸಿನ ರುಚಿಗಿಂತ ಬಹಳ ಮೇಲಿನದೇನಲ್ಲ. ಏಷ್ಯಾದ ಚಿತ್ರಕಥೆಗಾರರು ಕಳೆದ ಐವತ್ತು ವರ್ಷಗಳಲ್ಲಿ ತಮ್ಮ ತಮ್ಮ ಸರ್ಕಾರಗಳ, ಸೈನ್ಯಗಳ, ಜಾತಿಗಳ ಜೊತೆ ಹೂಡಿದ ಜಗಳ ಈ ಎರಡೂ ಕಪಾಟುಗಳಲ್ಲಿ ಕಾಣುವುದಿಲ್ಲ.

ಮೊದಲಿಗೆ ‘ಭೀಮಾಯಣ’. 2011ರಲ್ಲಿ ನವಯಾನ ಪ್ರಕಾಶನದಿಂದ ಬಂದ ಈ ಪುಸ್ತಕದ ಚಿತ್ರಗಳು ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರವು. ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. (ಮುನ್ನುಡಿ ಮಾತ್ರ ಜಾನ್ ಬರ್ಗರ್ ಅವರದು. ಯುರೋಪಿನ ಮೊಹರಿಲ್ಲದೆ ಇದಕ್ಕೂ ಗತಿ ಇರಲಿಲ್ಲವೋ ಏನೋ.) ಅಮರ ಚಿತ್ರ ಕಥೆಯಲ್ಲೂ ಅಂಬೇಡ್ಕರರ ಮೇಲೊಂದು ಪುಸ್ತಕವಿದೆಯಲ್ಲ ಎನ್ನುವವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲಿ. ಅಲ್ಲಿ ಮಹಾಪುರುಷನೊಬ್ಬ ಚೌಕಟ್ಟಿನಿಂದ ಚೌಕಟ್ಟಿಗೆ ನಡೆದು ಪ್ರತಿಮೆಯಾಗುತ್ತಾನೆ. ‘ಭೀಮಾಯಣ’ದಲ್ಲಿ ಚೌಕಟ್ಟುಗಳೇ ಇಲ್ಲ. ಪಾತ್ರಗಳನ್ನು ಡಬ್ಬಿಗಳಲ್ಲಿ ಕೂಡಿಹಾಕಲು ವ್ಯಾಮ್ ದಂಪತಿ ಒಪ್ಪಲಿಲ್ಲ. ಗೊಂಡರ ಮನೆಯ ಗೋಡೆ ನೆಲಗಳ ಮೇಲಿನ ದಿಗ್ನಾ ವಿನ್ಯಾಸವು ಪುಟವನ್ನು ಅಂಕುಡೊಂಕಾಗಿ ಹಂಚುತ್ತದೆ. ಮಾತಿನ ಗುಳ್ಳೆಗಳಿಗೂ ಜಾತಕವಿದೆ. ನೊಂದವರ, ನಿರಪಾಯದವರ ಮಾತು ಹಕ್ಕಿಯ ಆಕಾರದ ಗುಳ್ಳೆಯಲ್ಲಿ ಬಂದರೆ ವಿಷದ ಮಾತಿಗೆ ಚೇಳಿನ ಕೊಂಡಿ. ಎಂಟು ವರ್ಷದ ಮಗು ಕೂಡ ಎರಡನೆಯ ಪುಟಕ್ಕೇ ಇದನ್ನು ಹಿಡಿದುಬಿಡುತ್ತದೆ. ನೀರು, ನೆಲೆ, ಪಯಣ ಎಂಬ ಮೂರು ಭಾಗಗಳಲ್ಲಿ ಶಾಲೆಯಲ್ಲಿ ನೀರು ಸಿಗದ ಬಾಲಕನಿಂದ ಹಿಡಿದು ವಿದೇಶದಲ್ಲಿ ಓದಿ ಬಂದರೂ ಬರೋಡದಲ್ಲಿ ತಂಗಲು ಕೋಣೆ ಸಿಗದ ಅಧಿಕಾರಿಯವರೆಗೆ ಕಥೆ ನಡೆಯುತ್ತದೆ.

ಇಷ್ಟಕ್ಕೂ ಆ ಪುಸ್ತಕ ಶುರುವಾಗುವುದು ಇಂದಿನ ಬಸ್ ನಿಲ್ದಾಣವೊಂದರಲ್ಲಿ, ಮೀಸಲಾತಿಯ ಮೇಲೆ ಗೊಣಗುವ ತರುಣನೊಬ್ಬನ ಮಾತಿನಿಂದ. ಆ ತರುಣ ಬ್ಲ್ಯಾಕ್‌ಟೌನಿನ, ಮೆಲ್ಬರ್ನಿನ ಟಾರ್ನೀಟ್‌ನ ಬಾರ್ಬೆಕ್ಯೂ ಕೂಟಗಳಿಗೆ ಅಪರಿಚಿತನಲ್ಲ. ‘ಮೀಸಲಾತಿಯಿಂದಾಗಿಯೇ ದೇಶ ಬಿಡಬೇಕಾಯಿತು’ ಎನ್ನುವವನು ಅವನೇ. ಅಮೆರಿಕದ ಸಿಯಾಟಲ್ ನಗರವು 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ, ಹೊರದೇಶದಲ್ಲಿ ಜಾತಿ ಎಲ್ಲಿದೆ ಎಂದು ಸಿಟ್ಟಾದವನೂ ಅವನೇ. ಅವನ ಮಕ್ಕಳಿಗಾದರೂ ಈ ಪುಸ್ತಕ ಸಿಗಲಿ. ಜೊತೆಗೆ ಜೋತಿಬಾ ಫುಲೆಯವರ ‘ಗುಲಾಮಗಿರಿ’ಯನ್ನು ಆಧರಿಸಿ ಶ್ರೀವಿದ್ಯಾ ನಟರಾಜನ್ ಮತ್ತು ಅಪರಾಜಿತಾ ನಿನನ್ ರಚಿಸಿದ ‘ಎ ಗಾರ್ಡನರ್ ಇನ್ ದ ವೇಸ್ಟ್‌ಲ್ಯಾಂಡ್’ ಇರಲಿ. ಓರಿಜಿತ್ ಸೇನ್ 1994ರಲ್ಲೇ ನರ್ಮದೆಯ ಮುಳುಗಡೆಯ ಬಗ್ಗೆ ಬರೆದು ಚಿತ್ರಿಸಿದ ‘ರಿವರ್ ಆಫ್ ಸ್ಟೋರೀಸ್’ ಕೂಡ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯನ್ನು ಕಳೆದುಕೊಂಡವರ ಮಕ್ಕಳು ಈ ದೇಶದಲ್ಲೂ ಇದ್ದಾರೆ.

‘ಒನ್ ಪೀಸ್’ ಹಿಡಿದ ಹುಡುಗನನ್ನು ಗದರುವವರಿಗೆ ತಿಳಿದಿರಬೇಕಾದ ಒಂದು ಸಂಗತಿಯಿದೆ. ‘ಡ್ರ್ಯಾಗನ್ ಬಾಲ್’, ‘ಒನ್ ಪೀಸ್’, ‘ನರುಟೊ’ಗಳನ್ನು ಮುಂದೆ ಪ್ರಕಟಿಸಿದ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿಯೇ 1973ರಲ್ಲಿ ಕೇಜಿ ನಕಝಾವಾ ಅವರ ‘ಬೇರ್‌ಫುಟ್ ಗೆನ್’ ಆರಂಭವಾಯಿತು. ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ನಕಝಾವಾ ಆರು ವರ್ಷದ ಬಾಲಕ. ತಂದೆ, ಅಕ್ಕ, ತಮ್ಮ ಆ ದಿನವೇ ಸತ್ತರು. ಹತ್ತು ಸಂಪುಟಗಳ ಈ ಕೃತಿಯನ್ನು ‘ಅಮೆರಿಕ ಮಾಡಿದ ಅನ್ಯಾಯ’ದ ಕಥೆ ಎಂದುಕೊಂಡು ತೆರೆಯುವವರಿಗೆ ಮೊದಲ ಸಂಪುಟವೇ ಬೇರೊಂದು ಪಾಠ ಹೇಳುತ್ತದೆ. ಗೆನ್‌ನ ತಂದೆ ಯುದ್ಧವನ್ನು ವಿರೋಧಿಸುವವನು. ಅವನನ್ನು ಜೈಲಿಗಟ್ಟುವವರು ಜಪಾನಿನ ಪೊಲೀಸರು. ಅವನ ಮನೆಯವರನ್ನು ದೇಶದ್ರೋಹಿಗಳೆಂದು ಜರೆಯುವವರು ನೆರೆಹೊರೆಯವರು. ಕಷ್ಟಕ್ಕಾಗುವವನು ಅದೇ ಕೇರಿಯಲ್ಲಿ ತುಚ್ಛವಾಗಿ ಬದುಕುವ ಕೊರಿಯನ್ ಪಾಕ್. ದೇಶದ್ರೋಹಿ ಎಂಬ ಪದ ಇತ್ತೀಚೆಗೆ ಎಷ್ಟು ಅಗ್ಗವಾಗಿದೆ ಎಂದು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಕೃತಿಯನ್ನು ಅದರ ನಾಡೇ ಸಹಿಸಲಿಲ್ಲ. 2012ರ ಡಿಸೆಂಬರಿನಲ್ಲಿ ಮಾತ್ಸುಯೆ ನಗರದ ಶಿಕ್ಷಣ ಮಂಡಳಿಯು ಶಾಲಾ ಗ್ರಂಥಾಲಯಗಳಲ್ಲಿ ಅದನ್ನು ಮಕ್ಕಳ ಕೈಗೆ ಸಿಗದಂತೆ ಒಳಗಿಡಿಸಿತು. ಸುದ್ದಿ ಹೊರಬಿದ್ದು ಗದ್ದಲವಾದ ಮೇಲೆ 2013ರ ಆಗಸ್ಟಿನಲ್ಲಿ ಆದೇಶ ಹಿಂದೆ ಹೋಯಿತು. 2023ರಲ್ಲಿ ಸ್ವತಃ ಹಿರೋಶಿಮಾ ನಗರವೇ ತನ್ನ ಶಾಂತಿಪಾಠದ ಪುಸ್ತಕದಿಂದ ಗೆನ್‌ನನ್ನು ಕೈಬಿಟ್ಟಿತು. ಅಪೌಷ್ಟಿಕತೆಯಿಂದ ಬಳಲುವ ಬಸುರಿ ತಾಯಿಗಾಗಿ ಗೆನ್ ಯಾರದೋ ಮನೆಯ ಕೊಳದಿಂದ ಮೀನು ಕದಿಯುತ್ತಾನೆ. ಅದು ಮಕ್ಕಳಲ್ಲಿ ತಪ್ಪು ತಿಳಿವಳಿಕೆ ಮೂಡಿಸಬಹುದಂತೆ! ನಗರವನ್ನು ಸುಟ್ಟ ಬಾಂಬಿಗಿಂತ ಒಂದು ಮೀನಿನ ಕಳ್ಳತನ ಮಂಡಳಿಗೆ ಹೆಚ್ಚು ಕಸಿವಿಸಿ ತಂದಿತು.

ಸಿಡ್ನಿ, ಮೆಲ್ಬರ್ನ್‌ಗಳಿಂದ ಬೆಂಗಳೂರಿಗೆ ಹೋಗುವವರಲ್ಲಿ ಅನೇಕರು ಸಿಂಗಪುರದಲ್ಲಿ ವಿಮಾನ ಬದಲಿಸುತ್ತಾರೆ. ಹೊಳೆಯುವ ನೆಲ, ಆರ್ಕಿಡ್ ಹೂಗಳು. ‘ನಮ್ಮ ದೇಶಕ್ಕೂ ಇಂಥ ಆಡಳಿತ ಬೇಕು’ ಎಂಬ ಉದ್ಗಾರ. ಆ ಉದ್ಗಾರಕ್ಕೆ ಮದ್ದು ಸಾನಿ ಲಿಯೂ ಅವರ ‘ದಿ ಆರ್ಟ್ ಆಫ್ ಚಾರ್ಲಿ ಚಾನ್ ಹಾಕ್ ಚೈ’. ಇಲ್ಲದ ಒಬ್ಬ ಚಿತ್ರಕಥೆಗಾರನನ್ನು ಕಲ್ಪಿಸಿ, ಅವನು ದಶಕಗಳ ಕಾಲ ಬಿಡಿಸಿದ ಚಿತ್ರಗಳೆಂಬಂತೆ ಬೇರೆ ಬೇರೆ ಶೈಲಿಗಳಲ್ಲಿ ಸಿಂಗಪುರದ ಅಧಿಕೃತ ಇತಿಹಾಸವನ್ನು ಪ್ರಶ್ನಿಸುವ ಪುಸ್ತಕ ಇದು. 1963ರಲ್ಲಿ ಎಡಪಂಥೀಯರನ್ನು ವಿಚಾರಣೆಯಿಲ್ಲದೆ ಬಂಧಿಸಿದ ‘ಆಪರೇಷನ್ ಕೋಲ್ಡ್‌ಸ್ಟೋರ್’ ಅದರಲ್ಲಿದೆ, ಮರೆಸಲಾದ ನಾಯಕ ಲಿಮ್ ಚಿನ್ ಸಿಯೋಂಗ್ ಇದ್ದಾನೆ. 2015ರಲ್ಲಿ ಅಲ್ಲಿನ ಕಲಾ ಮಂಡಳಿಯು ಕೊಟ್ಟಿದ್ದ 8,000 ಡಾಲರ್ ಸಹಾಯಧನವನ್ನು ಹಿಂದೆ ಪಡೆಯಿತು. 2017ರಲ್ಲಿ ಪುಸ್ತಕಕ್ಕೆ ಮೂರು ಐಸ್ನರ್ ಪ್ರಶಸ್ತಿಗಳು ಬಂದವು. ಮಲೇಶಿಯಾದ ಲಾಟ್ 1979ರಲ್ಲಿ ಹೊರತಂದ ‘ಕಾಂಪುಂಗ್ ಬಾಯ್’ ಇಷ್ಟು ಖಾರದ್ದಲ್ಲ. ಆದರೂ ತವರ ಗಣಿ ನುಂಗುತ್ತಿರುವ ಹಳ್ಳಿಯ ಬಾಲ್ಯವನ್ನು ಅಷ್ಟು ನಗಿಸುತ್ತ ಹೇಳಿದವರು ವಿರಳ.

ಬ್ಲ್ಯಾಕ್‌ಟೌನಿನಿಂದ ನಗರಕ್ಕೆ ಹೋಗುವ ರೈಲು ಆಶ್‌ಫೀಲ್ಡ್ ನಿಲ್ದಾಣವನ್ನು ಹಾದುಹೋಗುತ್ತದೆ. ಅಲ್ಲಿನ ಯುನೈಟಿಂಗ್ ಚರ್ಚಿನ ಆವರಣದಲ್ಲಿ ಬೆಂಚಿನ ಮೇಲೆ ಕೂತ ಹುಡುಗಿಯ ಪ್ರತಿಮೆಯೊಂದು 2016ರಲ್ಲಿ ಬಂತು. ಜಪಾನಿ ಸೈನ್ಯವು ಲೈಂಗಿಕ ದಾಸ್ಯಕ್ಕೆ ತಳ್ಳಿದ ಹೆಣ್ಣುಮಕ್ಕಳ ಸ್ಮಾರಕ ಅದು. ಅದರ ಹಿಂದಿನ ವರ್ಷವಷ್ಟೇ ಸ್ಟ್ರಾತ್‌ಫೀಲ್ಡ್ ನಗರಸಭೆ ಇಂಥದೇ ಸ್ಮಾರಕದ ಪ್ರಸ್ತಾವವನ್ನು ತಳ್ಳಿಹಾಕಿತ್ತು. ಆ ಹುಡುಗಿ ಯಾರೆಂದು ತಿಳಿಯಲು ಕೆಯುಮ್ ಸುಕ್ ಜೆಂಡ್ರಿ-ಕಿಮ್ ಅವರ ‘ಗ್ರಾಸ್’ ಓದಬೇಕು. ಲೀ ಓಕ್-ಸನ್ ಎಂಬ ವೃದ್ಧೆಯ ಮಾತುಗಳ ಮೇಲೆ ಕಟ್ಟಿದ ಈ ಕೊರಿಯನ್ ಕೃತಿಯಲ್ಲಿ ಅತ್ಯಾಚಾರದ ಕ್ಷಣವನ್ನು ಲೇಖಕಿ ತೋರಿಸುವುದಿಲ್ಲ. ಪುಟದ ಮೇಲೆ ಉಳಿಯುವುದು ಕಪ್ಪು ಶಾಯಿ ಮಾತ್ರ. ಆ ಸಂಯಮ ಎಲ್ಲ ಭಾಷೆಗಳ ಬರಹಗಾರರಿಗೂ ಪಠ್ಯವಾಗಬೇಕು. ಹದಿನೈದು ಹದಿನಾರು ದಾಟಿದವರಿಗೆ ಮಾತ್ರ ಕೊಡಬೇಕಾದ ಪುಸ್ತಕ.

ಇನ್ನು ಅತ್ಯಂತ ಹತ್ತಿರದ, ಆ ಕಾರಣಕ್ಕೇ ಅತ್ಯಂತ ದೂರವಿಟ್ಟ ಪುಸ್ತಕ. 1886ರಲ್ಲಿ ಸಿಡ್ನಿಯ ‘ಬುಲೆಟಿನ್’ ಪತ್ರಿಕೆ ಚೀನೀಯರನ್ನು ಅಷ್ಟಪದಿಯಾಗಿ ಚಿತ್ರಿಸಿತ್ತು. ಈ ದೇಶದಲ್ಲಿ ಏಷ್ಯನ್ನರು ಬಹುಕಾಲ ಚಿತ್ರಕ್ಕೆ ವಸ್ತುವಾಗಿದ್ದರು, ಪೆನ್ಸಿಲು ಅವರ ಕೈಯಲ್ಲಿರಲಿಲ್ಲ. ಸಿಡ್ನಿಯ ಸಫ್ದರ್ ಅಹಮದ್ 2011ರಿಂದ ವಿಲ್ಲವುಡ್ ಬಂಧನ ಕೇಂದ್ರಕ್ಕೆ ಹೋಗಿ ಅಲ್ಲಿನ ನಿರಾಶ್ರಿತರ ಕೈಗೆ ಕಾಗದ ಬಣ್ಣ ಕೊಟ್ಟರು. ಅದರಿಂದ ಹುಟ್ಟಿದ ಅವರ ‘ವಿಲ್ಲವುಡ್’ ಚಿತ್ರಕಥೆಗೆ 2015ರಲ್ಲಿ ವಾಕ್ಲಿ ಪ್ರಶಸ್ತಿ ಬಂತು. 2021ರಲ್ಲಿ ಮೆಲ್ಬರ್ನಿನ ಟ್ವೆಲ್ವ್ ಪ್ಯಾನೆಲ್ಸ್ ಪ್ರೆಸ್ ಪ್ರಕಟಿಸಿದ ‘ಸ್ಟಿಲ್ ಅಲೈವ್’ ಮರುವರ್ಷ ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್ ಸಾಹಿತ್ಯ ಪ್ರಶಸ್ತಿಗಳಲ್ಲಿ ವರ್ಷದ ಪುಸ್ತಕವಾಯಿತು. ಕಾವಲಿನಲ್ಲಿದ್ದವರೇ ಬಿಡಿಸಿದ ಚಿತ್ರಗಳೂ ಅದರಲ್ಲಿವೆ. ಮಾನುಸ್ ದ್ವೀಪದ ಶಿಬಿರದಿಂದ ‘ಈಟನ್ ಫಿಶ್’ ಎಂಬ ಹೆಸರಿನಲ್ಲಿ ವ್ಯಂಗ್ಯಚಿತ್ರ ಬರೆದ ಇರಾನಿನ ಅಲಿ ದೊರಾನಿಗೆ 2016ರಲ್ಲಿ ಧೈರ್ಯಕ್ಕಾಗಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಾಗಲೂ ಆತ ಶಿಬಿರದಲ್ಲೇ ಇದ್ದ. ಅವನಿಗೆ ನೆಲೆ ಕೊಟ್ಟದ್ದು ನಾರ್ವೆ, ಆಸ್ಟ್ರೇಲಿಯ ಅಲ್ಲ.

ಬ್ಲ್ಯಾಕ್‌ಟೌನಿನಿಂದ ವಿಲ್ಲವುಡ್‌ಗೆ ಕಾರಿನಲ್ಲಿ ಅರ್ಧ ಗಂಟೆ. ಕೌಶಲ್ಯದ ವೀಸಾದ ಅಂಕಗಳನ್ನು ಕೂಡಿಸಿ ಬಂದ ಕನ್ನಡಿಗರ ಮನೆಗಳಲ್ಲಿ ದೋಣಿಯಲ್ಲಿ ಬಂದವರ ಬಗ್ಗೆ ಆಡುವ ಮಾತು ಕೆಲವೊಮ್ಮೆ ಇಲ್ಲಿನ ಬಿಳಿಯರಿಗಿಂತ ಕಟುವಾಗಿರುತ್ತದೆ. ‘ನಾವು ಸರತಿಯಲ್ಲಿ ನಿಂತು ಬಂದವರು, ಅವರು ನುಗ್ಗಿದವರು.’ ತಮಿಳರು, ಹಜಾರರು, ರೋಹಿಂಗ್ಯರು ನಿಲ್ಲಬಹುದಾಗಿದ್ದ ಸರತಿ ಎಲ್ಲಿತ್ತು ಎಂದು ಊಟದ ಮೇಜಿನಲ್ಲಿ ಯಾರೂ ಕೇಳುವುದಿಲ್ಲ. ಮಗುವಾದರೂ ಕೇಳಲಿ ಎಂದರೆ ಅದರ ಕೈಗೆ ಆ ಪುಸ್ತಕ ಸೇರಬೇಕು.

ಮಕ್ಕಳಿಗೆ ಯಾಕೆ ರಾಜಕೀಯ ಎಂಬ ಆಕ್ಷೇಪ ಖಂಡಿತ ಬರುತ್ತದೆ. ಅಸುರನಿಗೆ ಕಪ್ಪು ಬಳಿದದ್ದೂ ರಾಜಕೀಯವೇ, ಅದು ಅಭ್ಯಾಸವಾಗಿರುವುದರಿಂದ ಕಾಣುವುದಿಲ್ಲ ಅಷ್ಟೆ. ಪುಸ್ತಕಗಳು ದುಬಾರಿ ಎಂಬ ಆಕ್ಷೇಪ ಇನ್ನೂ ಸುಲಭದ್ದು. ನ್ಯೂ ಸೌತ್ ವೇಲ್ಸ್‌ನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸದಸ್ಯತ್ವಕ್ಕೆ ಕಾಸು ಬೇಕಿಲ್ಲ. ಪುಸ್ತಕ ಕಪಾಟಿನಲ್ಲಿರದಿದ್ದರೆ ತರಿಸಿಕೊಡಿ ಎಂದು ಕೇಳಬಹುದು, ಹತ್ತು ಮಂದಿ ಕೇಳಿದರೆ ಗ್ರಂಥಪಾಲಕರು ಗಮನಿಸದೆ ಇರುವುದಿಲ್ಲ. ಹಬ್ಬದ ಸಭಾಂಗಣದ ಬಾಡಿಗೆಗೆ ಇಮೇಲ್ ಮೇಲೆ ಇಮೇಲ್ ಬರೆಯಬಲ್ಲ ಸಮುದಾಯಕ್ಕೆ ಇದೇನು ಕಷ್ಟ?

ಇವೆಲ್ಲ ಇಂಗ್ಲಿಷಿನಲ್ಲೇ ಸಿಗುತ್ತವೆ, ಕನ್ನಡಕ್ಕೇನು ಲಾಭ ಎಂಬ ಮಾತು ಮಾತ್ರ ನ್ಯಾಯವಾದದ್ದು. ಅದಕ್ಕೊಂದು ಉತ್ತರ ಮೆಲ್ಬರ್ನಿನಲ್ಲಿದೆ. ಮಲೇಶಿಯಾದಿಂದ ಬಂದ ಚೀನೀ ಮೂಲದ ತಂದೆಯ ಮಗ, ಅಲ್ಲಿಯೇ ನೆಲೆಸಿರುವ ಶಾನ್ ಟಾನ್ 2006ರಲ್ಲಿ ಪ್ರಕಟಿಸಿದ ‘ದಿ ಅರೈವಲ್’ನಲ್ಲಿ ಓದಬಲ್ಲ ಒಂದು ಪದವೂ ಇಲ್ಲ. ಊರು ಬಿಟ್ಟು ಬಂದವನೊಬ್ಬನ ಕಥೆ ಪೂರ್ತಿ ಚಿತ್ರಗಳಲ್ಲೇ ಇದೆ. ಹೊಸ ನಾಡಿನ ಫಲಕಗಳ ಮೇಲಿನ ಲಿಪಿಯೂ ಯಾರಿಗೂ ಓದಲಾಗದಂಥ ಕಲ್ಪಿತ ಲಿಪಿ. ಆ ಪುಸ್ತಕವನ್ನು ಯಾವ ಭಾಷೆಯಲ್ಲಿ ಹೇಳಿದರೆ ಅದು ಆ ಭಾಷೆಯ ಪುಸ್ತಕ. ಭಾನುವಾರದ ಕನ್ನಡ ತರಗತಿಯಲ್ಲಿ ಅಕ್ಷರಮಾಲೆಯನ್ನು ಅರ್ಧ ಗಂಟೆ ಬದಿಗಿಟ್ಟು ಅದರ ಮೊದಲ ಪುಟಗಳನ್ನು ತೆರೆಯಬಹುದು. ಅಲ್ಲೊಬ್ಬ ಮನುಷ್ಯ ಮನೆಯವರ ಪಟವನ್ನು ಗೋಡೆಯ ಬದಿಯಿಂದ ಎತ್ತಿ, ಜೋಪಾನವಾಗಿ ಸುತ್ತಿ, ಸೂಟ್‌ಕೇಸಿನಲ್ಲಿ ಇಡುತ್ತಿದ್ದಾನೆ. ಅವನು ಯಾರು, ಎಲ್ಲಿಗೆ ಹೊರಟಿದ್ದಾನೆ, ಸೂಟ್‌ಕೇಸಿನಲ್ಲಿ ಇನ್ನೇನಿದೆ ಎಂದು ಏಳು ವರ್ಷದ ಹುಡುಗಿಯೊಬ್ಬಳು ಕನ್ನಡದಲ್ಲಿ ಹೇಳಲಿ.