‘ಸಬರ್ ಮಾಡಮ್ಮಾ’ ಎಂದರೆ ಸಾಲದು

ಪಕ್ಕದ ಮನೆಯಲ್ಲಿ ಮಗುವಿಗೆ ಏಟು ಬಿದ್ದ ಸದ್ದು ಕೇಳಿದರೆ ನೀವು ಏನು ಮಾಡುತ್ತೀರಿ? ಕೆಲವರು ‘ಎಂಥ ಕಲ್ಲೆದೆಯ ತಾಯಿ’ ಎನ್ನುತ್ತಾರೆ. ಕೆಲವರು ‘ಸಬರ್ ಮಾಡಮ್ಮಾ’ ಎಂದು ಹೇಳಿ ತಮ್ಮ ಮನೆಗೆ ಹೋಗುತ್ತಾರೆ. ಎರಡರಿಂದಲೂ ಮಗುವಿಗೆ ಪ್ರಯೋಜನವಿಲ್ಲ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ಅಧ್ಯಯನ ಮಾಡಿಸಿ 2007ರಲ್ಲಿ ವರದಿ ಪ್ರಕಟಿಸಿತು. ಮೂವರು ಮಕ್ಕಳಲ್ಲಿ ಇಬ್ಬರು ಪೆಟ್ಟು ತಿಂದಿದ್ದರು. ಮನೆಯೊಳಗೆ ಹೊಡೆದವರಲ್ಲಿ ಹೆಚ್ಚಿನವರು ಹೆತ್ತವರೇ. ಇವರೆಲ್ಲ ಕ್ರೂರಿಗಳೇ? ನನಗೆ ಹಾಗನ್ನಿಸುವುದಿಲ್ಲ. ಬಹಳಷ್ಟು ಮಂದಿ ದಣಿದವರು, ಒಂಟಿಯಾದವರು.

ನಮ್ಮ ಜಿಲ್ಲೆಯನ್ನೇ ನೋಡಿ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಹಳ್ಳಿಗಳಿಂದ ಗಂಡಸರು ಗುಳೆ ಹೋಗುತ್ತಾರೆ. ಗಂಗಾವತಿಯಲ್ಲಿ ಭತ್ತದ ಸುಗ್ಗಿ ಬಂದರೆ ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲು ಬಿಡಿಸುವ ಕೂಲಿ ಮಾಡುವ ಹೆಂಗಸು ಅದೇ ಕೈಯಲ್ಲಿ ಅಡುಗೆ, ನೀರು, ಮಕ್ಕಳನ್ನೂ ನೋಡಬೇಕು. ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಅವಳ ಜೊತೆ ಯಾರಿದ್ದಾರೆ?

ಹಸುಗೂಸಿನ ಅಳು ಆರು ವಾರದ ಸುಮಾರಿಗೆ ವಿಪರೀತವಾಗುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಇದು ತಾಯಿಯ ತಪ್ಪಲ್ಲ. ಆ ದಿನಗಳಲ್ಲಿ ಸಿಟ್ಟಿಗೆ ಕೂಸನ್ನು ಹಿಡಿದು ಅಲುಗಾಡಿಸುವುದು ಹೊಡೆತಕ್ಕಿಂತ ಅಪಾಯ. ಕತ್ತು ಎಳೆಯದು, ತಲೆ ಭಾರ. ಒಳಗೆ ಮೆದುಳಿನ ರಕ್ತನಾಳ ಹರಿದು ಕೂಸು ಕುರುಡಾಗಬಹುದು, ಸಾಯಲೂಬಹುದು. ಹೊರಗೆ ಒಂದು ಗಾಯವೂ ಕಾಣದಿರಬಹುದು. ಕೈ ಮೀರುತ್ತಿದೆ ಎನ್ನಿಸಿದಾಗ ಕೂಸನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹತ್ತು ನಿಮಿಷ ಹೊಸ್ತಿಲಾಚೆ ಕೂತುಬಿಡಿ. ಅತ್ತರೆ ಅಳಲಿ. ಜ್ವರವಿದ್ದರೆ, ಹಾಲು ಬಿಟ್ಟಿದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.

ಹೊಸ್ತಿಲಾಚೆ ಕೂತ ಆ ತಾಯಿಯ ಬಳಿ ನೀವು ಹೋಗಬೇಕಾದದ್ದು ಆಗಲೇ. ‘ಕೊಡಮ್ಮಾ ಇಲ್ಲಿ, ಒಂದು ತಾಸು ನಾನು ನೋಡ್ತೀನಿ, ನೀನು ಮಲಗು’ ಎನ್ನಿ. ನಾದಿನಿ, ಚಾಚಿ, ಎದುರು ಮನೆಯ ಆಪಾ, ಯಾರಾದರೂ ಸರಿ. ಮದುವೆಗೆ ನೂರು ಮಂದಿಗೆ ಅಡುಗೆ ಮಾಡುವ ನಮ್ಮ ಓಣಿಗಳಿಗೆ ಇದು ದೊಡ್ಡದಲ್ಲ. ಊರಲ್ಲಿರುವ ಅಪ್ಪಂದಿರು ಇಶಾ ನಮಾಜಿನ ನಂತರ ಹೋಟೆಲ್ ಕಟ್ಟೆಯಲ್ಲಿ ಕಳೆಯುವ ಹೊತ್ತನ್ನು ಮನೆಗೆ ಕೊಟ್ಟರೂ ಆದೀತು. ಗ್ರಾಮ ಪಂಚಾಯತಿಯಲ್ಲಿ ‘ಕೂಸಿನ ಮನೆ’ ಇದೆಯೇ ಎಂದೂ ವಿಚಾರಿಸಿ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದೇ ಸರ್ಕಾರ ಅದನ್ನು ತೆರೆದಿದೆ.

ಹೆರಿಗೆಯ ನಂತರ ಎರಡು ವಾರ ಕಳೆದರೂ ಅಳು, ನಿದ್ದೆಗೇಡು, ಮಗು ಬೇಡವೆನ್ನುವ ಭಾವ ಹೋಗದಿದ್ದರೆ ಅದು ಕಾಯಿಲೆ. ‘ಅಸರ್ ಆಗಿದೆ’ ಎಂದು ತಾಯಿತ ಕಟ್ಟಿ ತಿಂಗಳುಗಟ್ಟಲೆ ಕಾಯಬೇಡಿ. ಮನೋಚೈತನ್ಯ ಯೋಜನೆಯಡಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆದರೆ ಆಸರೆಯ ಹೆಸರಲ್ಲಿ ಮುಚ್ಚಿಹಾಕುವುದು ಸಲ್ಲದು. ಬರೆ, ಮತ್ತೆ ಮತ್ತೆ ಮೂಳೆ ಮುರಿತ, ಮನೆಯವರನ್ನು ಕಂಡರೆ ನಡುಗುವ ಮಗು ಕಣ್ಣಿಗೆ ಬಿದ್ದರೆ ಅದು ‘ಅವರ ಮನೆಯ ವಿಷಯ’ವಲ್ಲ. ಬಾಲನ್ಯಾಯ ಕಾಯ್ದೆ 2015ರ 75ನೇ ಕಲಂ ಪ್ರಕಾರ ಅದು ಅಪರಾಧ. ಮಕ್ಕಳ ಸಹಾಯವಾಣಿ 1098 ದಿನದ 24 ತಾಸೂ ಉಚಿತವಾಗಿದೆ. ಮಸೀದಿ ಕಮಿಟಿಯವರು ಈ ಎರಡು ನಂಬರುಗಳನ್ನು ನಮಾಜಿನ ವೇಳಾಪಟ್ಟಿಯ ಪಕ್ಕದಲ್ಲೇ ಬರೆಸಬಹುದು.