ವಾಹನದೊಳಗಿನ ಬಿಡಿ ಸಾಮಾನು: ನಾವು ಕಟ್ಟದೆ ಬಿಟ್ಟ ಅಪಾಯ

ಹೊರೆ ಕಟ್ಟುವುದನ್ನು ನಮ್ಮ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಿಕಪ್ಪಿಗೆ ಕಾಫಿ ಚೀಲ ಏರಿಸಿದರೆ ಹಗ್ಗ ಎಳೆದು, ಗಂಟು ಬಿಗಿದು, ಟಾರ್ಪಾಲು ಹೊದಿಸಿ, ಗಾಡಿಯನ್ನು ಒಂದು ಸುತ್ತು ಬಂದು, ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಹೊರಡುವುದು ವಾಡಿಕೆ. ಐವತ್ತು ಕಿಲೊ ಚೀಲವೊಂದು ರಸ್ತೆಗೆ ಬಿದ್ದರೆ ಆಗುವ ನಷ್ಟ ಎಷ್ಟೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಅದೇ ಬೆಳೆಗಾರರು ಕಾರಿನಲ್ಲೋ ಜೀಪಿನಲ್ಲೋ ಪೇಟೆಯಿಂದ ಹಿಂದಿರುಗುವಾಗ ನೋಡಿ. ಹಿಂದಿನ ಸೀಟಿನ ಮೇಲೆ ಮೈಲುತುತ್ತದ ಚೀಲ, ಅದರ ಪಕ್ಕದಲ್ಲಿ ಸಾಣೆ ಹಿಡಿಸಿದ ಕತ್ತಿಗಳು, ಕಾಲ ಬಳಿ ಕೀಟನಾಶಕದ ಡಬ್ಬಿ, ಅದಕ್ಕೆ ಒರಗಿಸಿದ ಗ್ಯಾಸ್ ಸಿಲಿಂಡರು, ಹಿಂದಿನ ಗಾಜಿನ ಅಡಿಯಲ್ಲಿ ಕಬ್ಬಿಣದ ಮೊನೆಯ ಛತ್ರಿ. ಒಂದಕ್ಕೂ ಹಗ್ಗವಿಲ್ಲ. ಒಳಗಿಟ್ಟದ್ದು ರಸ್ತೆಗೆ ಬೀಳುವುದಿಲ್ಲವಲ್ಲ ಎಂಬುದೇ ಇದಕ್ಕೆ ಕಾರಣ.

ಸಾಮಾನು ಕಳೆದುಹೋಗದಿರಲೆಂದು ಕಟ್ಟುತ್ತೇವೆಯೇ ಹೊರತು, ಅದು ನಮ್ಮ ಮೇಲೆ ಬಾರದಿರಲೆಂದು ಕಟ್ಟುವುದಿಲ್ಲ. ಈ ಅಭ್ಯಾಸ ಬದಲಾಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಗಾಡಿ ಗಂಟೆಗೆ 50 ಕಿಲೊಮೀಟರು ಓಡುತ್ತಿದ್ದರೆ ಒಳಗಿನ ಪ್ರತಿಯೊಂದು ವಸ್ತುವೂ 50 ಕಿಲೊಮೀಟರು ವೇಗದಲ್ಲಿಯೇ ಓಡುತ್ತಿರುತ್ತದೆ. ಗಾಡಿ ಮರಕ್ಕೋ ಎದುರಿನ ಲಾರಿಗೋ ಬಡಿದು ನಿಂತರೆ ಒಳಗಿನ ಸಾಮಾನು ನಿಲ್ಲುವುದಿಲ್ಲ. ತನಗೇನಾದರೂ ಅಡ್ಡ ಬರುವ ತನಕ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಅಡ್ಡ ಬರುವುದು ಸಾಮಾನ್ಯವಾಗಿ ಮುಂದೆ ಕುಳಿತವರ ತಲೆ, ಕುತ್ತಿಗೆ ಅಥವಾ ಬೆನ್ನು.

ಈ ವೇಗವೆಂದರೆ ಎಷ್ಟು ಎಂಬುದನ್ನು ಅಡಿಕೆ ತೋಟದ ಅಳತೆಯಲ್ಲಿ ಹೇಳಬಹುದು. 50 ಕಿಲೊಮೀಟರು ವೇಗದಲ್ಲಿ ಬಂದು ತಾಗುವ ವಸ್ತುವಿನ ಪೆಟ್ಟು, ಸುಮಾರು 32 ಅಡಿ ಎತ್ತರದಿಂದ ಬಿದ್ದ ವಸ್ತುವಿನ ಪೆಟ್ಟಿಗೆ ಸಮ. ಚೆನ್ನಾಗಿ ಬೆಳೆದ ಅಡಿಕೆ ಮರದ ಎತ್ತರವದು. ಕೊನೆಗಾರ ಮೇಲೆ ಕತ್ತಿ ಹಿಡಿದಿರುವಾಗ ಬುಡದಲ್ಲಿ ನಿಲ್ಲಲು ಮಕ್ಕಳನ್ನು ಬಿಡುವವರು ಯಾರೂ ಇಲ್ಲ. ಕೊನೆಯನ್ನು ಕೂಡ ಸುಮ್ಮನೆ ಕೆಡವದೆ ನೇಣಿನ ಮೇಲೆ ಜಾರಿಸಿ ಇಳಿಸುವ ಪದ್ಧತಿ ನಮ್ಮಲ್ಲಿದೆ. ತೋಟದಲ್ಲಿ ಇಷ್ಟು ಜಾಗ್ರತೆ ವಹಿಸುವ ನಾವು, ಗಾಡಿಯಲ್ಲಿ ಅದೇ ಕತ್ತಿಯನ್ನು ಮಕ್ಕಳ ಬೆನ್ನ ಹಿಂದೆ ಇಟ್ಟು ಹೊರಡುತ್ತೇವೆ.

“ನಮ್ಮ ರಸ್ತೆಯಲ್ಲಿ ಅಷ್ಟು ವೇಗ ಎಲ್ಲಿ ಬಂತು?” ಎಂದು ಕೆಲವರು ಕೇಳಬಹುದು. 30 ಕಿಲೊಮೀಟರು ವೇಗವಾದರೂ ಹನ್ನೊಂದು ಅಡಿಗಿಂತ ಹೆಚ್ಚಿನ ಎತ್ತರಕ್ಕೆ ಸಮವಾಗುತ್ತದೆ. ವೇಗ ಇಮ್ಮಡಿಯಾದರೆ ಎತ್ತರ ನಾಲ್ಮಡಿ. 60 ಕಿಲೊಮೀಟರಿಗೆ 46 ಅಡಿ. ಇನ್ನೊಂದು ಲೆಕ್ಕವನ್ನೂ ನೋಡಿ. 50 ಕಿಲೊಮೀಟರು ವೇಗದ ಗಾಡಿ ಡಿಕ್ಕಿಯಲ್ಲಿ ಅರ್ಧ ಮೀಟರಿನೊಳಗೆ ನಿಂತುಹೋದರೆ, ಒಳಗಿರುವುದನ್ನು ಹಿಡಿದು ನಿಲ್ಲಿಸಲು ಅದರ ತೂಕದ ಸುಮಾರು ಇಪ್ಪತ್ತು ಪಟ್ಟು ಬಲ ಬೇಕು. 14.2 ಕಿಲೊ ಅನಿಲ ತುಂಬಿದ ಮನೆಬಳಕೆಯ ಸಿಲಿಂಡರಿನ ಒಟ್ಟು ತೂಕ ಸುಮಾರು 30 ಕಿಲೊ. ಅದನ್ನು ತಡೆಯಬೇಕಾದ ಬಲ 600 ಕಿಲೊ ಆಯಿತು. ಸೀಟಿನ ಬೆನ್ನು ಅದನ್ನು ತಡೆದೀತೆಂದು ನಂಬಿ ಕೂರುವುದು ಜಾಣತನವಲ್ಲ.

ಡಿಕ್ಕಿಯೇ ಆಗಬೇಕೆಂದೂ ಇಲ್ಲ. ನಮ್ಮದು ಘಟ್ಟದ ಸೀಮೆ. ಚಾರ್ಮಾಡಿ, ಶಿರಾಡಿ, ಸಂಪಾಜೆ, ಹದಿನಾಲ್ಕು ತಿರುವುಗಳ ಆಗುಂಬೆ, ಇವುಗಳಲ್ಲಿ ಒಂದನ್ನಾದರೂ ಇಳಿಯದ ಸದಸ್ಯರು ಕಡಿಮೆ. ಇಳಿಜಾರಿನಲ್ಲಿ ನೆಲದ ಮೇಲಿರುವುದೆಲ್ಲ ಮುಂದಕ್ಕೆ ಉರುಳುತ್ತದೆ. ಚಾಲಕನ ಸೀಟಿನಡಿಯ ನೀರಿನ ಬಾಟಲಿಯೋ, ಕಳಚಿಟ್ಟ ಚಪ್ಪಲಿಯೋ ಬ್ರೇಕಿನ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಬ್ರೇಕು ತುಳಿದರೂ ಇಳಿಯುವುದಿಲ್ಲ. ಮಳೆಗಾಲದಲ್ಲಿ ಕೆಸರಿಗೆಂದು ಒಂದರ ಮೇಲೊಂದು ಹಾಸುವ ಮ್ಯಾಟುಗಳೂ ಹೀಗೆಯೇ. 2009ರಲ್ಲಿ ಟೊಯೋಟಾ ಕಂಪೆನಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ನೆಲಹಾಸು ಜರುಗಿ ಆಕ್ಸಿಲರೇಟರ್ ಪೆಡಲು ಅದಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆಯೆಂಬುದೇ ಕಾರಣ.

ಬೆಳೆಗಾರರ ಗಾಡಿಯಲ್ಲಿ ಇದಕ್ಕಿಂತ ಬೇರೆಯಾದ ಗಂಡಾಂತರವೂ ಇದೆ. ಕೀಟನಾಶಕದ ಡಬ್ಬಿ ತಿರುವಿನಲ್ಲಿ ಮಗುಚಿ ಒಡೆದರೆ ಗಾಜು ಏರಿಸಿದ ಗಾಡಿಯೊಳಗೆ ವಿಷದ ಹೊಗೆ ತುಂಬುತ್ತದೆ. ಪಕ್ಕದ ಅಕ್ಕಿ, ಬೇಳೆ, ಹಿಂಡಿಗೂ ವಿಷ ಹತ್ತುತ್ತದೆ. ಕೀಟನಾಶಕವನ್ನು ಆಹಾರ ಪದಾರ್ಥಕ್ಕಾಗಲಿ ಪಶು ಆಹಾರಕ್ಕಾಗಲಿ ತಾಗುವಂತೆ ಸಾಗಿಸಬಾರದೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಕಳೆ ಕೊಚ್ಚುವ ಯಂತ್ರಕ್ಕೆಂದು ನೀರಿನ ಬಾಟಲಿಯಲ್ಲಿ ಪೆಟ್ರೋಲು ತರುವುದಂತೂ ತೀರ ಕೆಟ್ಟ ರೂಢಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಗಾಡಿಯ ನೆಲದಲ್ಲಿ ಕೂತು ಒಂದು ಕಿಡಿಗಾಗಿ ಕಾಯುತ್ತಿರುತ್ತದೆ.

ಬಿಡಿ ಸಾಮಾನೆಂದಾಗ ಮನುಷ್ಯರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಲ್ಟು ಕಟ್ಟದೆ ಕುಳಿತವರು ಗಾಡಿಯೊಳಗಿನ ಅತಿ ಭಾರದ ಬಿಡಿ ವಸ್ತುಗಳೇ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಕಾರು ಸೇತುವೆಗೆ ಬಡಿದು ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡರು. ಹಿಂದಿನ ಸೀಟಿನಲ್ಲಿದ್ದ ಅವರೂ ಅವರ ಜೊತೆಯವರೂ ಬೆಲ್ಟು ಕಟ್ಟಿರಲಿಲ್ಲ. ಅವರಿಬ್ಬರೂ ಉಳಿಯಲಿಲ್ಲ, ಮುಂದಿದ್ದ ಇಬ್ಬರು ಉಳಿದರು. ಬೆಲೆಬಾಳುವ ಕಾರು ಕೂಡ ಕಟ್ಟದಿದ್ದವರನ್ನು ಕಾಯಲಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಂದಿರೂ ಈ ಲೆಕ್ಕ ತಿಳಿದಿರಬೇಕು. ಹತ್ತು ಕಿಲೊ ಮಗುವನ್ನು ಆ ಕ್ಷಣದಲ್ಲಿ ಹಿಡಿದುಕೊಳ್ಳಲು 200 ಕಿಲೊ ಎತ್ತುವ ತೋಳು ಬೇಕು. ಅಂಥ ತೋಳು ಯಾವ ತಾಯಿಗೂ ಇಲ್ಲ.

ಇಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ನಾಟುವ ವಿಷಯ ಕೆಲಸದವರದು. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಯಾವ ಊರಿನ ರಸ್ತೆಯಲ್ಲಿ ನಿಂತರೂ ಕಾಣಬಹುದು: ಜೀಪಿನ ಹಿಂಭಾಗದಲ್ಲಿ ಹತ್ತು ಹನ್ನೆರಡು ಜನ, ಅವರ ಕಾಲ ನಡುವೆ ಕತ್ತಿ, ಹಾರೆ, ಪಿಕಾಸಿ, ಯಂತ್ರ, ಬುತ್ತಿ ಕ್ಯಾರಿಯರ್. ಏನನ್ನು ಎಲ್ಲಿ ಇಡಬೇಕೆಂದು ಹೇಳುವ ಅಧಿಕಾರ ಅವರಿಗಿಲ್ಲ. ಹೇಳುವವರು ನಾವು. ಹಾಗಿರುವಾಗ ಗಾಡಿ ಮಗುಚಿದ ದಿನ ಹಾರೆಯ ಮೊನೆ ಒಬ್ಬರ ಹೊಟ್ಟೆಗೆ ಹೊಕ್ಕರೆ ಅದನ್ನು ವಿಧಿಯೆಂದು ಹೇಳಿ ಕೈತೊಳೆದುಕೊಳ್ಳಲಾಗದು. ಮಿತಿಮೀರಿ ಜನ ತುಂಬುವುದೇ ತಪ್ಪು. ಅವರ ನಡುವೆ ಹರಿತವಾದ ಹತಾರಗಳನ್ನೂ ಇಡುವುದು ಅದರ ಮೇಲಿನ ಇನ್ನೊಂದು ತಪ್ಪು.

ಕೆಲಸದ ಹೊತ್ತಿನಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪಣೆ ಬರಬಹುದು. ಅದರಲ್ಲಿ ನಿಜಾಂಶವಿಲ್ಲದಿಲ್ಲ. ಕೊಯ್ಲಿನ ದಿನಗಳಲ್ಲಿ ಒಂದು ಗಂಟೆ ತಡವಾದರೂ ಒಂದು ತೋಟದ ಕೆಲಸ ನಿಲ್ಲುತ್ತದೆ. ಆದರೆ ಪ್ರತಿಯೊಂದಕ್ಕೂ ಜಾಗವೊಂದನ್ನು ಗೊತ್ತುಮಾಡಿಟ್ಟರೆ ಕಟ್ಟುವ ಕೆಲಸ ಎರಡು ಮೂರು ನಿಮಿಷದ್ದು. ಹುಡುಕುವ ಸಮಯವೂ ಉಳಿಯುತ್ತದೆ.

ಸದಸ್ಯರು ಈ ಕೆಳಗಿನವುಗಳನ್ನು ರೂಢಿಸಿಕೊಳ್ಳಬೇಕೆಂದು ಕೋರುತ್ತೇವೆ:

1. ಭಾರವಾದದ್ದು ಡಿಕ್ಕಿಯ ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ ಇರಲಿ. ಹಗುರವಾದದ್ದು ಅದರ ಮೇಲೆ. ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಪೇರಿಸಬಾರದು. ಸೀಟಿನಲ್ಲಿ ಜನರಿಲ್ಲದಿದ್ದರೂ ಅದರ ಬೆಲ್ಟನ್ನು ಸಿಕ್ಕಿಸಿಟ್ಟರೆ ಬೆನ್ನಿಗೆ ಬಲ ಬರುತ್ತದೆ.

2. ಕತ್ತಿ, ಹಾರೆ, ಯಂತ್ರದ ಅಲಗು ಇವುಗಳಿಗೆ ಮುಚ್ಚಳವಿರುವ ಒಂದು ಪೆಟ್ಟಿಗೆ ಮಾಡಿಸಿ, ಅದನ್ನು ಗಾಡಿಯ ತಳಕ್ಕೆ ಬೋಲ್ಟು ಹಾಕಿ ಕೂರಿಸಬೇಕು. ಉದ್ದನೆಯ ಹತಾರವಾದರೆ ಮೊನೆಗೆ ಗೋಣಿ ಸುತ್ತಿ ಎರಡು ಕಡೆ ಕಟ್ಟಬೇಕು.

3. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ, ಕವಾಟದ ಮುಚ್ಚಳ ಹಾಕಿ, ಬಿಗಿಯಾಗಿ ಕಟ್ಟಬೇಕು. ಗಾಡಿಯ ಗಾಜು ಇಳಿಸಿರಬೇಕು. ತಲುಪಿದ ಕೂಡಲೆ ಇಳಿಸಬೇಕು.

4. ಕೀಟನಾಶಕವನ್ನು ಮುಚ್ಚಳವಿರುವ ಗಟ್ಟಿ ಬಕೆಟ್ಟಿನಲ್ಲಿಟ್ಟು, ಜನರಿಂದಲೂ ದಿನಸಿಯಿಂದಲೂ ಬೇರೆಯಾಗಿ ತರಬೇಕು. ಪೆಟ್ರೋಲಿಗೆ ತಕ್ಕ ಕ್ಯಾನನ್ನೇ ಬಳಸಬೇಕು.

5. ಚಾಲಕನ ಕಾಲ ಬಳಿ ಏನೂ ಇರಬಾರದು. ಮ್ಯಾಟು ಒಂದೇ ಇರಲಿ, ಅದೂ ಕೊಕ್ಕೆಗೆ ಸಿಕ್ಕಿಸಿರಲಿ.

6. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಗಟ್ಟಿ ವಸ್ತು ಯಾವುದೂ ಬೇಡ. ಏರ್‌ಬ್ಯಾಗ್ ಕಣ್ಣುಮಿಟುಕಿಸುವಷ್ಟರಲ್ಲಿ ಉಬ್ಬುತ್ತದೆ. ಅದರ ಮೇಲಿದ್ದುದು ಕಲ್ಲಿನಂತೆ ಮುಖಕ್ಕೆ ಎರಗುತ್ತದೆ. ಗಣಪತಿಯ ಲೋಹದ ಮೂರ್ತಿಯ ಬದಲು ಪುಟ್ಟ ಚಿತ್ರ ಅಂಟಿಸಿದರೆ ಭಕ್ತಿಗೆ ಕೊರತೆಯಾಗದು.

7. ಎಲ್ಲರೂ ಬೆಲ್ಟು ಕಟ್ಟಬೇಕು, ಹಿಂದಿನವರೂ ಸೇರಿ. 2019ರ ತಿದ್ದುಪಡಿಯ ಪ್ರಕಾರ ಕಟ್ಟದಿದ್ದರೆ ದಂಡ 1,000 ರೂಪಾಯಿ. ದಂಡಕ್ಕೆ ಹೆದರಿ ಕಟ್ಟಿದರೂ ಸರಿಯೆ.

ಇವಕ್ಕೆ ತಗಲುವ ಖರ್ಚು ಹೆಚ್ಚಲ್ಲ. ಒಂದು ಪೆಟ್ಟಿಗೆ, ನಾಲ್ಕು ಕೊಕ್ಕೆ, ಒಂದು ಬಲೆ, ಬಿಗಿಯುವ ಪಟ್ಟಿ ಎರಡು. ಕೊಳೆರೋಗಕ್ಕೆ ಒಂದು ಸಲ ಔಷಧಿ ಹೊಡೆಸುವ ಖರ್ಚಿನ ಮುಂದೆ ಇದು ಯಾವ ಲೆಕ್ಕ? ರೋಗ ಬರುವ ಮೊದಲೇ ಔಷಧಿ ಹೊಡೆಯುವುದನ್ನು ನಾವು ದಂಡದ ಖರ್ಚೆಂದು ಎಂದೂ ಭಾವಿಸಿಲ್ಲ.

ಸಹಕಾರ ಸಂಘಗಳಿಗೂ ಇಲ್ಲೊಂದು ಕರ್ತವ್ಯವಿದೆ. ಮೈಲುತುತ್ತ, ಕೀಟನಾಶಕ, ಹತಾರಗಳನ್ನು ಮಾರುವ ಕೌಂಟರಿನಲ್ಲಿಯೇ ಬಲೆ, ಪಟ್ಟಿ, ಮುಚ್ಚಳದ ಬಕೆಟ್ಟುಗಳನ್ನೂ ಇಡಬೇಕು. ಸಾಮಾನನ್ನು ಸದಸ್ಯರ ಗಾಡಿಗೆ ಏರಿಸುವ ಹುಡುಗರಿಗೆ ಎಲ್ಲಿ, ಹೇಗೆ ಇಡಬೇಕೆಂದು ತಿಳಿಸಿಕೊಡಬೇಕು. ಬರುವ ಮಹಾಸಭೆಯಲ್ಲಿ ಸದಸ್ಯರು ಈ ಬಗ್ಗೆ ಸೂಚನೆ ಮಂಡಿಸಿದರೆ ನಾವು ಅದನ್ನು ಮನಃಪೂರ್ವಕ ಬೆಂಬಲಿಸುತ್ತೇವೆ. ಅಲ್ಲಿಯ ತನಕ ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ಕೆಲಸದವರು ಗಾಡಿ ಹತ್ತುವ ಮೊದಲು ಹತಾರಗಳನ್ನು ಅವರ ಕಾಲಬುಡದಿಂದ ತೆಗೆಸಿ ಬೇರೆ ಕಟ್ಟಿಸಿ. ಹಗ್ಗ ಎಲ್ಲರ ಮನೆಯಲ್ಲೂ ಇದೆ.