ಫೋನಿನಲ್ಲಿ ಫೈಲ್ ಸಿಗದಿದ್ದರೆ ‘ರೂಟ್’ ಮಾಡಬೇಕೇ?

ಪಹಣಿಯ ಪಿಡಿಎಫ್ ವಾಟ್ಸಾಪ್‌ನಲ್ಲಿ ಬಂದಿತ್ತು. ತೆರೆದು ನೋಡಿಯೂ ಆಗಿತ್ತು. ಈಗ ಬೇಕೆಂದು ‘ಡೌನ್‌ಲೋಡ್’ ಫೋಲ್ಡರ್‌ನಲ್ಲಿ ಹುಡುಕಿದರೆ ಇಲ್ಲ! ‘ಅದು ರೂಟ್‌ನಲ್ಲಿ ಅಡಗಿದೆ, ಫೋನ್ ರೂಟ್ ಮಾಡಿದರೆ ಸಿಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬಹುದೇ?

ಬೇಡ. ಫೈಲ್ ಎಲ್ಲೂ ಹೋಗಿಲ್ಲದಿರಬಹುದು. ನೀವು ಹುಡುಕಲು ಶುರು ಮಾಡಿದ ಜಾಗವೇ ತಪ್ಪಿರಬಹುದು.

ರೂಟ್ ಎಂದರೇನು?

ಭೂಮಿ ಜಾಲತಾಣದಲ್ಲಿ ಮಳಗಿಯ ಪಹಣಿ ನೋಡಲು ಉತ್ತರ ಕನ್ನಡ ಜಿಲ್ಲೆ, ಮುಂಡಗೋಡ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂದು ಒಂದೊಂದೇ ಆರಿಸುತ್ತೇವೆ. ಬೆಂಗಳೂರಿನಲ್ಲಿ ಕುಳಿತು ಆರಿಸಿದರೂ ಅದೇ ಜಮೀನು ಬರುತ್ತದೆ. ಫೋನಿನಲ್ಲೂ ಎಲ್ಲ ಫೋಲ್ಡರ್‌ಗಳ ಮೇಲೆ ಇಂಥದೊಂದು ಆರಂಭದ ಜಾಗ ಇದೆ. ಅದೇ ರೂಟ್ ಡೈರೆಕ್ಟರಿ. ಆಂಡ್ರಾಯ್ಡ್‌ನಲ್ಲಿ ಅದರ ಗುರುತು ಒಂದು ಓರೆಗೆರೆ (/).

‘ಇಲ್ಲಿಂದ ಎರಡನೇ ಮನೆ’ ಎನ್ನುವುದು ಬೇರೆ ಬಗೆಯ ವಿಳಾಸ. ಮಳಗಿಯಲ್ಲಿ ನಿಂತವರಿಗೆ ಒಂದು ಮನೆ ಸಿಕ್ಕರೆ, ಶಿರಸಿಯಲ್ಲಿ ನಿಂತವರಿಗೆ ಇನ್ನೊಂದು. ಕಂಪ್ಯೂಟರಿನ ಮಾತಿನಲ್ಲಿ ಈಗ ನೀವು ನಿಂತಿರುವ ಫೋಲ್ಡರೇ ವರ್ಕಿಂಗ್ ಡೈರೆಕ್ಟರಿ.

ಹುಡುಕಾಟ ತಪ್ಪುವುದು ಎಲ್ಲಿ?

ಹಲವು ಫೈಲ್ ಆ್ಯಪ್‌ಗಳು ತೆರೆದಿರುವ ಫೋಲ್ಡರ್ ಮತ್ತು ಅದರ ಒಳಗಿನವನ್ನು ಮಾತ್ರ ಹುಡುಕುತ್ತವೆ. ಕ್ರೋಮ್‌ನಿಂದ ಇಳಿಸಿದ ಫೈಲ್ ಸಾಮಾನ್ಯವಾಗಿ ‘ಡೌನ್‌ಲೋಡ್’ನಲ್ಲಿ ಇರುತ್ತದೆ. ವಾಟ್ಸಾಪ್‌ನದು ‘ಆಂಡ್ರಾಯ್ಡ್’ ಫೋಲ್ಡರ್‌ನೊಳಗಿನ ‘ಮೀಡಿಯಾ’ದಲ್ಲಿ ಇರುತ್ತದೆ. ‘ಡೌನ್‌ಲೋಡ್’ನಲ್ಲಿ ನಿಂತು ಹುಡುಕಿದರೆ ಅದು ಕಾಣುವುದಿಲ್ಲ. ‘ಸಿಗಲಿಲ್ಲ’ ಎಂದರೆ ‘ಇಲ್ಲಿ ಇಲ್ಲ’ ಎಂದಷ್ಟೇ ಅರ್ಥ.

ಹೀಗೆ ಮಾಡಿ

- ವಾಟ್ಸಾಪ್‌ನಲ್ಲಿ ಕಳುಹಿಸಿದವರ ಹೆಸರಿನ ಮೇಲೆ ಒತ್ತಿ, ಮೀಡಿಯಾ ಮತ್ತು ಡಾಕ್ಯುಮೆಂಟ್‌ಗಳ ಪಟ್ಟಿ ನೋಡಿ.
- ಫೈಲ್ ಆ್ಯಪ್‌ನಲ್ಲಿ ‘ಇಂಟರ್ನಲ್ ಸ್ಟೋರೇಜ್’ಗೆ ಬಂದು ಅಲ್ಲಿಂದ ಹುಡುಕಿ. ಅದು ನಿಜವಾದ ರೂಟ್ ಅಲ್ಲ, ಆದರೆ ನಿಮ್ಮ ಫೋಟೊ, ಪಿಡಿಎಫ್‌ಗಳು ಅದರ ಕೆಳಗೇ ಇರುತ್ತವೆ.
- ಮೆಮೊರಿ ಕಾರ್ಡ್ ಇದ್ದರೆ ಅದನ್ನು ಬೇರೆಯಾಗಿ ನೋಡಿ. ‘ಟ್ರ್ಯಾಶ್’ ಕೂಡ ನೋಡಿ.

ಹಾಗಾದರೆ ‘ರೂಟ್ ಮಾಡುವುದು’?

ಹೆಸರು ಒಂದೇ, ಕೆಲಸ ಬೇರೆ. ಅದು ಫೋನಿನ ಮೇಲೆ ಪೂರ್ತಿ ಅಧಿಕಾರ ಪಡೆಯುವ ಕ್ರಮ. ಅದಕ್ಕೆ ಸಾಮಾನ್ಯವಾಗಿ ಮೊದಲು ಬೂಟ್‌ಲೋಡರ್ ಬೀಗ ತೆಗೆಯಬೇಕು. ಆಗ ಹೆಚ್ಚಿನ ಫೋನ್‌ಗಳಲ್ಲಿ ಇರುವ ಡೇಟಾ ಎಲ್ಲ ಅಳಿಸಿಹೋಗುತ್ತದೆ. ಹುಡುಕುತ್ತಿದ್ದ ಪಹಣಿಯೂ ಹೋಗುತ್ತದೆ! ಭದ್ರತೆ ಸಡಿಲವಾಗುತ್ತದೆ, ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ.

ಇಂಥ ಸಲಹೆಯ ಜೊತೆ ಎಪಿಕೆ ಫೈಲ್ ಬಂದರೆ ಇನ್‌ಸ್ಟಾಲ್ ಮಾಡಬೇಡಿ, ಫಾರ್ವರ್ಡೂ ಮಾಡಬೇಡಿ. ಕಳುಹಿಸಿದವರನ್ನು ‘ಎಲ್ಲಿಂದ ಹುಡುಕಿದಿರಿ?’ ಎಂದು ಮೊದಲು ಕೇಳಿ.